ಖಾಲಿ ಬೋಗಿಯ ಡ್ರಮ್ಮು

ಸ್ನೇಹಲತಾ ಆ ಶನಿವಾರ ಅಮೀರ್‌ಪೇಟ್‌ಗೆ ಹೋದದ್ದು ಕನ್ನಡಕದ ಕಡ್ಡಿ ಹಾಕಿಸಲು. ಅಂಗಡಿಯವನು ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಅಂದ. ಎದುರಿನ ಗಲ್ಲಿಯಲ್ಲಿ ಚಹಾ ಕುಡಿಯುತ್ತ ನಿಂತಿದ್ದಾಗ, ಕೋಚಿಂಗ್ ಸೆಂಟರುಗಳ ಬೋರ್ಡುಗಳಿಂದ ಮುಚ್ಚಿಹೋಗಿದ್ದ ಕಟ್ಟಡವೊಂದರ ಮೇಲಿನ ಮಹಡಿಯಿಂದ ಗಿಟಾರ್ ಕೇಳಿಸಿತು. ಹಿಂದೆಯೇ ಡ್ರಮ್ಮು. ಆಮೇಲೆ ಒಂದು ಹೆಣ್ಣುದನಿ: "ಕೈಕು ಬೈಠ್ನಾ, ಕೈಕು ರುಕ್ನಾ..."

ಯಾಕೆ ಕೂರಬೇಕು, ಯಾಕೆ ನಿಲ್ಲಬೇಕು! ಚಹಾ ಸೀರೆಯ ಮೇಲೆ ತುಳುಕಿತು. ಇಪ್ಪತ್ತೈದು ವರ್ಷಗಳಿಂದ ಆ ಹಾಡು ಒಮ್ಮೆಯೂ ನೆನಪಾಗಿರಲಿಲ್ಲ. ಈಗ ಮುಂದಿನ ಸಾಲು ತಾನಾಗಿ ಬಾಯಿಗೆ ಬಂತು. ಅಷ್ಟರಲ್ಲಿ ಮೇಲೆ ಯಾರೋ ಕಿಟಕಿ ಮುಚ್ಚಿಬಿಟ್ಟರು.

ಸ್ನೇಹಲತಾ ಹುಟ್ಟಿ ಬೆಳೆದದ್ದು ಸಿಕಂದರಾಬಾದ್ ಪಕ್ಕದ ಮಲ್ಕಾಜ್‌ಗಿರಿಯಲ್ಲೇ. ತಂದೆ ಮಾಣಿಕಪ್ಪ ಭಾಲ್ಕಿಯಿಂದ ಬಂದು ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಹೆಣ್ಣುಮಗಳು ಕೂತಲ್ಲಿ ಕೂತಿರಬೇಕು ಅನ್ನುವುದು ಮನೆಯ ಮಾತು. ಅವಳಿಗೆ ಆಗದಿದ್ದದ್ದು ಅದೊಂದೇ. ಡಿಗ್ರಿ ಓದುವಾಗ ಊರಿನ ನಾಲ್ಕು ಹುಡುಗರು ಸೇರಿ 'ಖಾಲಿ ಬೋಗಿ' ಅಂತ ಒಂದು ಬ್ಯಾಂಡ್ ಕಟ್ಟಿದ್ದರು. ಸಿನಿಮಾ ಹಾಡು ಹಾಡುತ್ತಿರಲಿಲ್ಲ. ತಾವೇ ಊರಿನ ಆಡು ಉರ್ದುವಾದ ದಖನಿಯಲ್ಲಿ ಬರೆದದ್ದನ್ನು ಗಂಟಲು ಹರಿಯುವ ಹಾಗೆ ಹಾಡುತ್ತಿದ್ದರು. ಕಾಲೇಜುಗಳಲ್ಲಿ ಅವರ ಕಾರ್ಯಕ್ರಮ ಎಲ್ಲಿದ್ದರೂ ಸ್ನೇಹಲತಾ ಗೆಳತಿ ಪ್ರಫುಲ್ಲಾಳನ್ನು ಎಳೆದುಕೊಂಡು ಹೋಗುತ್ತಿದ್ದಳು. ಬೇರೆ ಹುಡುಗಿಯರು ಹಾಡುವವನನ್ನು ನೋಡಿದರೆ ಇವಳ ಕಣ್ಣು ಡ್ರಮ್ ಬಾರಿಸುವವನ ಕೈಕಾಲಿನ ಮೇಲೆ. ಒಮ್ಮೆ ಎಲ್ಲ ಮುಗಿದು ಸಾಮಾನು ಕಟ್ಟುತ್ತಿದ್ದಾಗ, ಒಂದು ಸಲ ಬಾರಿಸಲೇ ಅಂತ ಕೇಳಿದ್ದಳು. ಅವನು ನಗುತ್ತ ಕಡ್ಡಿಗಳನ್ನು ಕೊಟ್ಟ. ಇವಳು ಒಂದೇ ಏಟು ಹೊಡೆದಳು. ಸದ್ದಿಗೆ ಇಡೀ ಸಭಾಂಗಣ ತಿರುಗಿ ನೋಡಿತು. ಕಡ್ಡಿ ಅಲ್ಲೇ ಬಿಟ್ಟು ಓಡಿಬಂದಿದ್ದಳು.

ಆಮೇಲೆ ಬ್ಯಾಂಡು ಒಡೆಯಿತು. ಇವಳಿಗೆ ಬೇಗಂಪೇಟೆಯ ಇನ್ಶೂರೆನ್ಸ್ ಆಫೀಸಿನಲ್ಲಿ ನೌಕರಿ ಸಿಕ್ಕಿತು, ಬನಿಯನ್ ಅಂಗಡಿಯ ಸೂರ್ಯಕಾಂತನ ಜೊತೆ ಮದುವೆಯಾಯಿತು.

ಆ ಶನಿವಾರದಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಹಾಡಿನ ನಡುವೆ ಒಂದು ತುಂಡು ಮರೆತಿತ್ತು. ಹಲ್ಲಿಗೆ ಸಿಕ್ಕಿದ ನಾರಿನಂತೆ ಅದು ಕಾಡಿತು. ಆಫೀಸಿನಲ್ಲಿ ಬೆರಳು ಟೇಬಲ್ಲಿನ ಮೇಲೆ ಕುಣಿಯುತ್ತಿತ್ತು. ಮನೆಯಲ್ಲಿ ಹಿಟ್ಟಿನ ಡಬ್ಬಿ ಸಿಕ್ಕರೆ ಅದರ ಮೇಲೆ.

"ಬಾಗಲಾ ಯಾರೋ ಬಡ್ಯಾಕತ್ತಾರ ನೋಡವಾ," ಅಂತ ಅತ್ತೆ ಸುಂದರಾಬಾಯಿ ಒಳಗಿನಿಂದ ಕೂಗುತ್ತಿದ್ದರು. ಒಂದೆರಡು ಸಲ ತಾವೇ ಎದ್ದು ಹೋಗಿ ಬಾಗಿಲು ತೆರೆದು ಬಂದರು.

ಸ್ನೇಹಲತಾ ಸೊಲ್ಲಾಪುರದಲ್ಲಿದ್ದ ಪ್ರಫುಲ್ಲಾಗೆ ಫೋನ್ ಮಾಡಿದಳು.

"ಖಾಲಿ ಬೋಗಿ ನೆನಪೈತೇನ?"

"ಯಾಕ, ರೈಲಿನಾಗ ಸೀಟ್ ಸಿಗವಲ್ದೇನು?" ಅಂದವಳು ಆಮೇಲೆ ಜೋರಾಗಿ ನಕ್ಕಳು. "ಅಯ್ಯ, ಆ ಹುಡುಗೂರಾ! ನೀ ಆ ಡ್ರಮ್ಮಿನವನ್ನ ನೋಡಾಕ ಹೋಗತಿದ್ದಿ."

"ಅವನ್ನಲ್ಲಲೇ. ಡ್ರಮ್ ನೋಡಾಕ ಹೋಗತಿದ್ದೆ."

ಪ್ರಫುಲ್ಲಾ ನಂಬಲಿಲ್ಲ. ಫೋನ್ ಇಟ್ಟ ಮೇಲೆ ಸ್ನೇಹಲತಾಗೆ ಸಿಟ್ಟು ಬಂತು. ಇಷ್ಟು ವರ್ಷ ಎಲ್ಲರೂ ಹೀಗೇ ತಿಳಿದಿದ್ದರೇನೋ.

ಮುಂದಿನ ಶನಿವಾರ ಯಾವ ನೆಪವೂ ಇಲ್ಲದೆ ಆ ಕಟ್ಟಡದ ಮೆಟ್ಟಿಲು ಹತ್ತಿದಳು. ಕಂಪ್ಯೂಟರ್ ಕ್ಲಾಸುಗಳನ್ನೆಲ್ಲ ದಾಟಿದರೆ ಮೇಲೆ ಒಂದು ಸಣ್ಣ ಕೋಣೆ, ಸದ್ದು ಹೊರಗೆ ಹೋಗದಂತೆ ಗೋಡೆಗೆಲ್ಲ ಹಳೆಯ ಕಂಬಳಿ ಹೊಡೆದಿದ್ದರು. ಒಳಗೆ ಡ್ರಮ್ಮಿನ ಹಿಂದೆ ಕೂತು ಬಾರಿಸುತ್ತ ಹಾಡುತ್ತಿದ್ದವಳು ಇಪ್ಪತ್ತೈದರ ಆಸುಪಾಸಿನ ಹುಡುಗಿ. ಮೊದಲು ತೆಲುಗಿನಲ್ಲಿ ಮಾತು ಶುರುವಾಯಿತು. ಹೆಸರು ನಿರೀಕ್ಷಾ, ಅಪ್ಪ ಉಡುಪಿ ಕಡೆಯವರು, ಇಲ್ಲಿ ಡಿಫೆನ್ಸ್ ಫ್ಯಾಕ್ಟರಿಯಲ್ಲಿದ್ದಾರೆ ಎಂದು ತಿಳಿದ ಮೇಲೆ ಮಾತು ಕನ್ನಡಕ್ಕೆ ಹೊರಳಿತು.

"ಈ ಹಾಡು ನಿಮಗೆಲ್ಲಿ ಸಿಕ್ಕಿತು?"

"ಯಾರೋ ಹಳೇ ಕ್ಯಾಸೆಟ್ಟಿನದ್ದು ನೆಟ್ಟಿಗೆ ಹಾಕಿದ್ದಾರೆ ಆಂಟಿ. ನಮ್ಮ ಬ್ಯಾಂಡಿನವರಿಗೆಲ್ಲ ಇದರ ಹುಚ್ಚು. ನಿಮಗೆ ಹೇಗೆ ಗೊತ್ತು?"

"ನಾನು ಎದುರಿಗೇ ನಿಂತು ಕೇಳಿದ್ದೆ."

ನಿರೀಕ್ಷಾ ಎದ್ದು ನಿಂತಳು. "ಹಾಗಾದ್ರೆ ಕೂತ್ಕೊಳ್ಳಿ. ಅವರು ಹೇಗೆ ಬಾರಿಸ್ತಿದ್ರು, ತೋರಿಸಿ."

ಸ್ನೇಹಲತಾ ಕೂತಳು. ಕಿವಿಗೆ ಗೊತ್ತಿದ್ದ ಯಾವುದೂ ಕೈಗೆ ಗೊತ್ತಿರಲಿಲ್ಲ. ಬಲಗೈ ಹೊಡೆದಾಗ ಕಾಲು ಮರೆಯಿತು, ಕಾಲು ತುಳಿದರೆ ಎಡಗೈ ಗಾಳಿಯಲ್ಲಿ ನಿಂತಿತು. ಬೆನ್ನೆಲ್ಲ ಬೆವರು. ನಾಚಿಕೆಗಿಂತ ಹೆಚ್ಚಾಗಿ ಹಟ ಬಂತು. "ಕಲಿಸ್ತೀರೇನು?" ಅಂತ ಕೇಳಿದಳು. ನಿರೀಕ್ಷಾ ಒಪ್ಪಿ, ಮನೆಯಲ್ಲಿ ಕೈ ಪಳಗಿಸಲು ಒಂದು ಜೊತೆ ಕಡ್ಡಿ ಕೊಟ್ಟು ಕಳಿಸಿದಳು.

ಆ ರಾತ್ರಿ ನಿರೀಕ್ಷಾ ಫೋನಿಗೆ ಕಳಿಸಿದ ಖಾಲಿ ಬೋಗಿಯ ಹಾಡುಗಳನ್ನು ಕೇಳಿದಾಗ ಅವಳಿಗೆ ಮುಖ ಮುಚ್ಚಿಕೊಳ್ಳುವಂತಾಯಿತು. ಹಾಡುವವನಿಗೆ ಶ್ರುತಿ ನಿಲ್ಲುತ್ತಿರಲಿಲ್ಲ. ಸಾಲುಗಳಂತೂ ಹುಡುಗಾಟ. ಇದಕ್ಕೇನಾ ನಾನು ಬಸ್ಸಿಗೆ ಜೋತುಬಿದ್ದು ಊರೆಲ್ಲ ಸುತ್ತಿದ್ದು? ಆದರೆ ಡ್ರಮ್ಮು ಸುಳ್ಳಾಗಿರಲಿಲ್ಲ. ಮರೆತಿದ್ದ ತುಂಡು ಬಂದಾಗ ನೋಡಿದರೆ, ಅಲ್ಲಿ ಹಾಡೇ ಇರಲಿಲ್ಲ, ಬರೀ ಬಡಿತ. ಅದನ್ನೇ ಮತ್ತೆ ಮತ್ತೆ ಹಾಕಿ ಕೇಳಿದಳು.

ಒಂದು ಬೆಳಿಗ್ಗೆ ಅವಳು ದಿಂಬಿನ ಮೇಲೆ ಕಡ್ಡಿ ಬಾರಿಸುತ್ತಿರುವುದನ್ನು ನೋಡಿ ಸೂರ್ಯಕಾಂತ ಕೇಳಿಯೇಬಿಟ್ಟ.

"ಏನಾಗೈತಿ ನಿನಗ? ಡಾಕ್ಟರಿಗೆ ತೋರಸೋಣೇನು?"

"ಡ್ರಮ್ ಕಲ್ಯಾಕತ್ತೀನ್ರಿ."

"ಈ ವಯಸ್ಸಿನಾಗ?"

"ಆ ವಯಸ್ಸಿನಾಗ ಬಿಡಲಿಲ್ಲಲ್ರಿ ಯಾರೂ."

ಅವನು ಚಹಾ ಕುಡಿದು ಅಂಗಡಿಗೆ ಹೋದ. ಸಂಜೆ ಬಂದು, "ದಿಂಬಿನ ಹತ್ತಿ ಹೊರಗ ಬರಾಕತ್ತೈತಿ, ಹಳೇದೊಂದು ಗಾದಿ ಐತಿ, ತಗೋ," ಅಂದ. ಅಷ್ಟೇ.

ಮಳೆಗಾಲ ಕಳೆದು ಚಳಿ ಬಂತು. ನಿರೀಕ್ಷಾಳ ಬ್ಯಾಂಡಿಗೆ ಬೇಗಂಪೇಟೆಯ ಹೋಟೆಲೊಂದರಲ್ಲಿ ಭಾನುವಾರ ಸಂಜೆ ಕಾರ್ಯಕ್ರಮ ಸಿಕ್ಕಿತು. ನಿರೀಕ್ಷಾ, "ಆ ಹಾಡಿಗೆ ನೀವೇ ಕೂರಿ ಆಂಟಿ, ನಾನು ಎದುರಿಗೆ ನಿಂತು ಹಾಡ್ತೀನಿ," ಅಂದಳು. ಬೇಡವೆನ್ನಲು ಬಾಯಿ ತೆರೆದ ಸ್ನೇಹಲತಾ "ಹೂಂ" ಅಂದಿದ್ದಳು.

ಕೇಳಲು ಬಂದವರು ಹೆಚ್ಚಿರಲಿಲ್ಲ. ಸೂರ್ಯಕಾಂತ ಮೂಲೆಯ ಕುರ್ಚಿಯಲ್ಲಿ ಇಸ್ತ್ರಿ ಅಂಗಿ ಹಾಕಿ ಮದುವೆಗೆ ಬಂದವನಂತೆ ಕೂತಿದ್ದ. ಸ್ನೇಹಲತಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊದಲ ಏಟು ಹೊಡೆದಳು. ಎಲ್ಲರೂ ತಿರುಗಿ ನೋಡಿದರು. ಈ ಸಲ ಅವಳು ಎರಡನೆಯದನ್ನೂ ಹೊಡೆದಳು.

ಆಮೇಲೆ ಕೈ ಅವಳ ಮಾತು ಕೇಳಲಿಲ್ಲ. ಹಾಡು ಓಡತೊಡಗಿತು. ಗಿಟಾರಿನ ಹುಡುಗ ಗಾಬರಿಯಾಗಿ ಹಿಂದೆ ನೋಡಿದ, ನಿರೀಕ್ಷಾ ಮಾತುಗಳನ್ನು ನುಂಗಿ ನುಂಗಿ ಹಾಡಿದಳು. ಒಂದು ಕಡ್ಡಿ ಕೈಜಾರಿ ಹೋಯಿತು. ಇನ್ನೊಂದರಲ್ಲೇ ಬಾರಿಸಿ ಮುಗಿಸಿದಳು. ಆಮೇಲೆ ಚಪ್ಪಾಳೆ, ಸೀಟಿ.

"ಇಷ್ಟು ಓಡಿದ್ರೆ ಹೇಗೆ ಆಂಟಿ?" ನಿರೀಕ್ಷಾ ಏದುಸಿರು ಬಿಡುತ್ತ ನಕ್ಕಳು. "ಮಂಗಳವಾರ ಬನ್ನಿ. ಮೊದಲು ನಿಧಾನ ಕಲೀರಿ."

ಮನೆಗೆ ಹೊರಟ ಆಟೋ ಸಿಕಂದರಾಬಾದ್ ದಾಟಿತು. ಸೂರ್ಯಕಾಂತ ಮೆಲ್ಲಗೆ ಕೇಳಿದ:

"ಈಗರೆ ಸಮಾಧಾನ ಆತೇನು?"

ಅವಳು ಪ್ರಾಮಾಣಿಕವಾಗಿ ಯೋಚಿಸಿದಳು. ಅಂಗೈ ಉರಿಯುತ್ತಿತ್ತು, ಪಾದ ತಾನಾಗಿಯೇ ಆಟೋದ ನೆಲ ತುಳಿಯುತ್ತಿತ್ತು.

"ಇಲ್ರಿ," ಅಂದಳು. "ಹುಚ್ಚು ಇನ್ನೂ ಭಾಳ ಆಗೈತಿ."