ಮುಪ್ಪು ಸಾಲದ ಮುದುಕಿ

ಊರಿನವರ ಬಾಯಲ್ಲಿ ಆಕೆ ಅಂಚೆಯಮ್ಮ. ಹೆಗಲಿಗೆ ಚೀಲ ಹಾಕಿಕೊಂಡು ಮನೆಮನೆಯ ಬಾಗಿಲು ತೆರೆಸಿ, ಕಾಗದದ ಜೊತೆ ನಾಲ್ಕು ಮಾತನ್ನೂ ಕೊಟ್ಟು ಬರುತ್ತಿದ್ದವಳು. ನಿವೃತ್ತಿಯಾದ ಮೇಲೆ ಮಾತಿಗೆ ಗೋಡೆಯೇ ಗತಿಯಾಯಿತು. ಹಾಗಾಗಿ ಎಪ್ಪತ್ತಾರರ ವಯಸ್ಸಿನಲ್ಲಿ, ವಿದ್ಯಾರ್ಥಿಗಳ ಅಭ್ಯಾಸಕ್ಕೆ ವಯಸ್ಸಾದವರು ಬೇಕೆಂದು ನರ್ಸಿಂಗ್ ಕಾಲೇಜಿನವರು ಕರೆದಾಗ ಹಾಲು ಕುಡಿದಷ್ಟು ಸಂತೋಷವಾಯಿತು. ವಾರಕ್ಕೊಮ್ಮೆಯಾದರೂ ಎಳೆಯರ ಜೊತೆ ಹರಟಬಹುದು. ಈ ಕೆಲಸ ಕೈತಪ್ಪಬಾರದು.

ಮೊದಲ ದಿನ ಒಬ್ಬ ಹುಡುಗಿ ಕಿವಿಯ ಬಳಿ ಬಾಗಿ ಕಿರುಚಿದಳು. "ಅಜ್ಜೀ, ಕೇಳಿಸ್ತಿದ್ಯಾ?"

"ನನಗೂ ಕೇಳಿಸ್ತು ಕಂದ, ಆಚೆ ಬೀದಿಗೂ ಕೇಳಿಸ್ತು."

"ಈಗ ನಾವಿಬ್ರೂ ಮೆಲ್ಲಗೆ ಏಳೋಣ್ವಾ, ಪುಟ್ಟಾ?" ಎಂದಳು ಹುಡುಗಿ.

ಎಬ್ಬಿಸಲೆಂದು ಕಂಕುಳಿಗೆ ಕೈ ಹಾಕುವಷ್ಟರಲ್ಲಿ ಅಂಚೆಯಮ್ಮ ಎದ್ದು ಕಿಟಕಿಯ ಬಳಿ ನಿಂತಿದ್ದಳು.

"ಮೇಡಂ, ಇವ್ರು ಸಹಕರಿಸ್ತಿಲ್ಲ!"

ಮೇಡಂ ಓಡಿಬಂದರು. "ಅಜ್ಜಿ, ನೀವೇ ಎದ್ಬಿಟ್ರೆ ಎಬ್ಬಿಸಿದ್ದಕ್ಕೆ ನಾನು ಅಂಕ ಹೇಗೆ ಕೊಡ್ಲಿ?"

ನೆನಪಿನ ಶಕ್ತಿ ಪರೀಕ್ಷಿಸಲು ಬಂದ ಹುಡುಗ ತಾನು ಹೇಳಿದ ಐದು ಪದಗಳಲ್ಲಿ ಒಂದನ್ನು ತಾನೇ ಮರೆತ. ಅಂಚೆಯಮ್ಮ ನೆನಪಿಸಿದಳು. 'ಹಟಮಾರಿ ಸ್ವಭಾವ' ಎಂದು ಅವನು ಬರೆದುಕೊಂಡ. ಆಕೆಗೆ ನಿಜವಾಗಿ ನೋಯುತ್ತಿದ್ದುದು ಚೀಲ ಹೊತ್ತ ಹೆಗಲು. ತಲೆ ಬಾಚಲೂ ಕೈ ಏಳದು. ಹೇಳಹೋದರೆ, "ಅದು ಇವತ್ತಿನ ಪಾಠದಲ್ಲಿಲ್ಲ, ಅಜ್ಜಿ" ಎಂದುಬಿಟ್ಟ.

ಸಂಜೆ ಮೇಡಂ ಪಕ್ಕಕ್ಕೆ ಕರೆದರು. "ಮುಂದಿನ ವಾರ ಪರೀಕ್ಷೆ. ಸ್ವಲ್ಪ ಬಾಗಿ, ಸ್ವಲ್ಪ ನಡುಗಿ, ಎರಡು ಸಲ 'ಆಂ?' ಅನ್ನಿ, ಸಾಕು. ಇಲ್ದಿದ್ರೆ ಬೇರೆಯವ್ರನ್ನ ನೋಡ್ಬೇಕಾಗುತ್ತೆ."

ಅಂಚೆಯಮ್ಮನಿಗೆ ಮನೆಯ ಗೋಡೆ ಕಣ್ಣಮುಂದೆ ಬಂತು. ಒಂದು 'ಆಂ?' ಅಂದರೆ ವಾರವಾರವೂ ಮಾತಿದೆ. ಅನ್ನೋಣವೆಂದೇ ಬಾಯಿ ತೆರೆದಳು, ಬಂದದ್ದು ಬೇರೆ.

"ಮುದುಕಿಯಾಗೋದು ನನಗೆ ಬರಲ್ಲಮ್ಮ. ನನಗೆ ಬರೀ ವಯಸ್ಸಾಗಿದೆ, ಅಷ್ಟೇ."

ಆಕೆಯ ಜಾಗಕ್ಕೆ ನಾಟಕ ಕಲಿಯುವ ಹುಡುಗನೊಬ್ಬ ಬಂದ. ಇಪ್ಪತ್ತೆರಡರ ತಲೆಗೆ ಪೌಡರು ಬಳಿದು, ಕೋಲೂರಿ, ಕೆಮ್ಮಿ, ಅಡಿಯಿಂದ ಮುಡಿಯವರೆಗೆ ನಡುಗಿದ. "ಅಬ್ಬಾ, ಎಷ್ಟು ಸಹಜ!" ಎಂದು ಪರೀಕ್ಷಕರೂ ತಲೆದೂಗಿದರು. ಹುಡುಗಿಯರು ಅವನನ್ನು ಪುಟ್ಟಾ ಎಂದರು, ಎಬ್ಬಿಸಿದರು, ಕೂರಿಸಿದರು. ಇಡೀ ತರಗತಿ ಪಾಸು.

ಮರುವಾರ ಅವರನ್ನೆಲ್ಲ ಆಸ್ಪತ್ರೆಯ ವಾರ್ಡಿಗೆ ಕಳಿಸಿದರು. ಅಲ್ಲಿದ್ದ ಮುದುಕರು ಒಬ್ಬರೂ ಸರಿಯಾಗಿ ನಡುಗುತ್ತಿರಲಿಲ್ಲ.