ಸೂಜಿ ಇಳಿಸುತ್ತಿದ್ದ ಅಕ್ಕ

ಬೆಳಗಾವಿಯ ನಮ್ಮ ಪ್ರಯೋಗಾಲಯದಲ್ಲಿ ಅತಿ ಸಣ್ಣ ಕಣಗಳನ್ನು ಗುರುತಿಸುವ ಯಂತ್ರ ನಡೆಸುತ್ತಿದ್ದವರು ಖಾನಾಪುರದಿಂದ ದಿನಾ ರೈಲಿನಲ್ಲಿ ಬರುತ್ತಿದ್ದ ಒಬ್ಬ ಅಕ್ಕ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಚೂಪಾದ ಸೂಜಿಮೊನೆ ವಸ್ತುವಿನ ಮೇಲೆ ಸರಿಯುತ್ತದೆ. ಇನ್‌ಫ್ರಾರೆಡ್ ಬೆಳಕು ಬಿದ್ದಾಗ ಮೊನೆಯ ಕೆಳಗಿನ ಕಣ ಎಷ್ಟು ಹಿಗ್ಗಿತೆಂದು ಅಳೆದು, ಅದು ಯಾವ ರಾಸಾಯನಿಕವೆಂದು ಯಂತ್ರ ತಿಳಿಸುತ್ತದೆ. ಸೂಜಿ ಇಳಿಸುವ ಮುನ್ನ ಅಕ್ಕ ಬಳೆ ತೆಗೆದಿಟ್ಟು ಉಸಿರು ಬಿಗಿಹಿಡಿಯುತ್ತಿದ್ದರು. ಫಲಿತಾಂಶ ಕೇಳಿದರೆ ಒಂದೇ ಮಾತು: "ತಡೀರಿ, ಇನ್ನೊಮ್ಮೆ ನೋಡೂಣು."

ಸುಟ್ಟ ಗಾಯಕ್ಕೆ ಹಚ್ಚುವ ಔಷಧದ ಪೊರೆ ನನ್ನ ಸಂಶೋಧನೆ. ಔಷಧ ಪೊರೆಯ ತುಂಬ ಸಮನಾಗಿ ಹರಡಿರಬೇಕಿತ್ತು. ಪರದೆಯ ಮೇಲೆ ಎಲ್ಲೆಡೆ ಚುಕ್ಕೆಗಳು ಹೊಳೆದಾಗ, ಅವು ಔಷಧವೇ ಎಂದು ನಾನು ಕುಣಿದುಬಿಟ್ಟೆ. ವರದಿ ಕೂಡಲೇ ಕಳಿಸಬೇಕೆಂದು ನಮ್ಮ ಸರ್ ಅವಸರಪಟ್ಟರು.

ಅಕ್ಕ ಸಹಿ ಹಾಕಲಿಲ್ಲ. ಔಷಧವೇ ಇಲ್ಲದ ಪೊರೆಯನ್ನು, ನಾನು ಪೊರೆ ಇಟ್ಟು ತರುತ್ತಿದ್ದ ಪ್ಲಾಸ್ಟಿಕ್ ಡಬ್ಬಿಯಲ್ಲೇ ಒಂದು ದಿನವಿಟ್ಟು ನೋಡಿದರು. ಅಲ್ಲೂ ಅವೇ ಚುಕ್ಕೆಗಳು.

"ಇದು ಔಷಧ ಅಲ್ರೀ, ಡಬ್ಬಿ ತಳದ ಅಂಟು ಪೊರೆಗೆ ಹತ್ತೈತಿ."

"ಇಷ್ಟು ಸಣ್ಣದಕ್ಕ ಯಾಕ ಹಟ?" ಎಂದರು ಸರ್.

"ಸುಟ್ಟ ಮೈಗೆ ಹಚ್ಚೂದು ಐತ್ರಿ ಸರ. ನಾ ಸಹಿ ಮಾಡಂಗಿಲ್ಲ."

ಆರು ತಿಂಗಳ ಕೆಲಸ ನೀರುಪಾಲಾಯಿತು. ಸಿಟ್ಟಿನಲ್ಲಿ ಎರಡು ದಿನ ನಾನು ಅಕ್ಕನ ಕಡೆ ಹೋಗಲಿಲ್ಲ. ಮೂರನೆಯ ದಿನ ಹೊಸ ಪೊರೆ ತಯಾರಿಸಲು ಕೂತೆ, ಈ ಸಲ ಗಾಜಿನ ಡಬ್ಬಿ ತಂದೆ. ರಸ್ತೆಯಲ್ಲಿ ಲಾರಿ ಓಡಾಡಿದರೆ ಸೂಜಿ ನಡುಗುತ್ತದೆಂದು ಅಕ್ಕ ರಜೆ ಬಿಟ್ಟು, ಲಾರಿ ಕಡಿಮೆಯಿರುವ ಭಾನುವಾರಗಳಂದು ಬಂದರು. ಐದನೆಯ ಭಾನುವಾರ ಔಷಧ ಪೊರೆಯ ತುಂಬ ಸಮನಾಗಿ ಕಂಡಿತು.

ನಾನು ವರದಿ ತೆರೆದೆ. ಅಕ್ಕ ಬಾಜು ಕುರ್ಚಿ ಎಳೆದುಕೊಂಡು ಕೂತರು.

"ಮೊದಲಿನ ತಪ್ಪೂ ಬರೀರಿ. ಅಂಥಾ ಡಬ್ಬಿ ಇನ್ನೂ ಎಷ್ಟ ಮಂದಿ ಬಳಸಾಕತ್ತಾರೋ."

ನಾನು ಅದನ್ನೇ ಮೊದಲು ಬರೆದೆ.