ಕೋಟಿಗೆ ಕತ್ತರಿ ಹಾಕುವ ಮುನ್ನ

ತನ್ನ ಕೋಟನ್ನು ತಂಗಿಯ ಅಳತೆಗೆ ಚಿಕ್ಕದು ಮಾಡಿಕೊಡು ಎಂದು ಗೆಳತಿ ಬಂದಾಗ ಟೈಲರಮ್ಮ ಏನನ್ನೂ ಕೇಳಲಿಲ್ಲ, ಅಚ್ಚುಕಟ್ಟಾಗಿ ಹೊಲಿದುಕೊಟ್ಟಳು. ಆ ವಾರವೇ ಗೆಳತಿ ತಾನಾಗಿಯೇ ಜೀವ ಕಳೆದುಕೊಂಡಳು. ತನ್ನದನ್ನೆಲ್ಲ ಹಂಚಿ ಹೋಗಲೆಂದೇ ಕೋಟು ತಂದಿದ್ದಳೆಂದು ಟೈಲರಮ್ಮನಿಗೆ ಆಮೇಲೆ ಹೊಳೆಯಿತು.

ಅಂದಿನಿಂದ ಯಾರೇ ತಮ್ಮ ಬಟ್ಟೆಯನ್ನು ಬೇರೊಬ್ಬರ ಅಳತೆಗೆ ಮಾಡಿಸಲು ತಂದರೂ ಟೈಲರಮ್ಮ ಮಿಷನ್ ನಿಲ್ಲಿಸಿ ಕೇಳಿಯೇಬಿಡುತ್ತಾಳೆ: "ಸಾಯೋ ಯೋಚನೆ ಏನಾದ್ರೂ ಬಂದಿದ್ಯಾ?" ಕೆಲವರು ನಗುತ್ತಾರೆ, ಕೆಲವರು ಬಾಯಿಗೆ ಬಂದಂತೆ ಬೈದು ಹೋಗುತ್ತಾರೆ. "ಗಿರಾಕಿ ತಾನೇ, ಹೋದ್ರೆ ಹೋಗ್ಲಿ ಬಿಡಿ," ಎನ್ನುತ್ತಾಳೆ.

ಇವತ್ತು ತಮ್ಮನ ಅಳತೆಗೆಂದು ತನ್ನ ಕೋಟು ತಂದ ಬಸ್ ಡ್ರೈವರ್ ನಗಲಿಲ್ಲ, ಬೈಯಲೂ ಇಲ್ಲ. "ಹೇಗೆ ಗೊತ್ತಾಯ್ತಕ್ಕಾ?" ಎಂದು ಸ್ಟೂಲಿನ ಮೇಲೆ ಕುಸಿದ.

"ಆಮೇಲೆ ಹೇಳ್ತೀನಿ. ಈಗ ಡಾಕ್ಟರ್ ಹತ್ರ ಹೋಗೋಣ, ನಾನೂ ಬರ್ತೀನಿ," ಎಂದು ಷಟರ್ ಎಳೆದಳು.

ಎದುರಿನ ಫುಟ್‌ಪಾತಿನಲ್ಲಿ ಗೆಳತಿಯ ತಂಗಿ ಅಕ್ಕನ ಅದೇ ಕೋಟು ತೊಟ್ಟು ಹೋಗುತ್ತಿದ್ದಳು. ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ.